ಗಾಜಿಗೆ ಥಂಡಿ, ನನಗೆ ಬೆವರು: ಕೈ ವ್ಯಾಕ್ಯೂಮ್ ಪಂಪಿನ ಜೊತೆ ಮೂರು ಬೇಸಿಗೆ

ವಿಜಯಪುರದ ಏಪ್ರಿಲ್ ಮಧ್ಯಾಹ್ನ ನಲವತ್ತು ಡಿಗ್ರಿ ದಾಟಿತ್ತು. ನನ್ನ 1997ರ ಡೀಸೆಲ್ ಸೆಡಾನಿನ ಏಸಿ ಗಾಳಿಯೆಲ್ಲ ಹೋಗುತ್ತಿದ್ದದ್ದು ಮುಂದಿನ ಗಾಜಿಗೆ. ನಡುವಿನ ಎರಡು ವೆಂಟುಗಳಲ್ಲಿ ಉಸಿರೇ ಇಲ್ಲ. ಆ ರೋಗ ಹಿಡಿಯಲೆಂದು ಕೊಂಡ, ಹಿಡಿಕೆ ಒತ್ತಿ ಗಾಳಿ ಎಳೆದು ತೆಗೆಯುವ ಕೈ ವ್ಯಾಕ್ಯೂಮ್ ಪಂಪಿನ ವಿಮರ್ಶೆ ಇದು. ಪಿಸ್ತೂಲಿನಂಥ ಹಿಡಿಕೆ, ತಲೆಯ ಮೇಲೊಂದು ಗೇಜು, ಮೊಳದುದ್ದ ಪೈಪು, ಒಂದು ಬಾಟಲಿ, ಚೀಲದ ತುಂಬ ಪ್ಲಾಸ್ಟಿಕ್ ಜೋಡಣೆ ತುಂಡುಗಳು. 1,850 ರೂಪಾಯಿ.

ಅದಕ್ಕೂ ಮೊದಲು ಸುರಿದ ದುಡ್ಡು ಬೇರೆ. ಒಬ್ಬ ಮಿಸ್ತ್ರಿ "ಗ್ಯಾಸ್ ಕಡಿಮಿ ಆಗೇತ್ರಿ" ಅಂತ ತುಂಬಿಸಿದ. ಇನ್ನೊಬ್ಬ ಬ್ಲೋವರ್ ಬಿಚ್ಚಿ, ತೊಳೆದು, ಹಾಕಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಗಾಳಿ ತಣ್ಣಗೇ ಇತ್ತು, ಜೋರಾಗಿಯೂ ಇತ್ತು. ಹೋಗಬೇಕಾದ ಕಡೆ ಹೋಗುತ್ತಿರಲಿಲ್ಲ, ಅಷ್ಟೇ.

ಈಗಿನ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನೊಳಗಿನ ಗಾಳಿ ಬಾಗಿಲುಗಳನ್ನು ಸಾಮಾನ್ಯವಾಗಿ ಪುಟ್ಟ ಮೋಟಾರುಗಳು ತಿರುಗಿಸುತ್ತವೆ. ನನ್ನ ಕಾರಿನಲ್ಲಿ ಆ ಕೆಲಸ ವ್ಯಾಕ್ಯೂಮಿನದು. ಒಂದೊಂದು ಬಾಗಿಲಿಗೆ ಒಂದೊಂದು ಚಪ್ಪಟೆ ಡಬ್ಬಿ, ಅದರೊಳಗೆ ರಬ್ಬರ್ ಪೊರೆ, ಪೊರೆಯ ಹಿಂದೆ ಸ್ಪ್ರಿಂಗು. ಡಬ್ಬಿಯ ಗಾಳಿ ಎಳೆದರೆ ಪೊರೆ ಸರಿದು ಕಡ್ಡಿಯನ್ನು ಎಳೆಯುತ್ತದೆ, ಬಾಗಿಲು ತಿರುಗುತ್ತದೆ. ವ್ಯಾಕ್ಯೂಮ್ ಸೋರಿಹೋದರೆ ಸ್ಪ್ರಿಂಗಿನದೇ ರಾಜ್ಯ, ಅದು ಗಾಳಿಯನ್ನು ಗಾಜಿನತ್ತ ತಿರುಗಿಸಿಬಿಡುತ್ತದೆ. ಬೇಕೆಂದೇ ಹಾಗೆ ಮಾಡಿದ್ದಾರೆ: ಏನೇ ಕೆಟ್ಟರೂ ಗಾಜಿನ ಮಂಜು ಬಿಡಲಿ, ದಾರಿ ಕಾಣಲಿ ಅಂತ. ಚಳಿ ದೇಶದವರಿಗೆ ಒಳ್ಳೆಯ ವಿಚಾರವೇ.

ಪೆಟ್ರೋಲ್ ಕಾರಾದರೆ ಈ ಎಳೆತ ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯಿಂದ (ಇಂಟೇಕ್ ಮ್ಯಾನಿಫೋಲ್ಡು) ಸಿಗುತ್ತದೆ, ಆಕ್ಸಿಲರೇಟರ್ ಪೂರ್ತಿ ತುಳಿದಾಗ ಬಿದ್ದುಹೋಗುತ್ತದೆ. ಏರು ಹತ್ತುವಾಗ ಮಾತ್ರ ಗಾಳಿ ಗಾಜಿಗೆ ಓಡುತ್ತಿದ್ದರೆ ಗಾಳಿಯನ್ನು ಒಂದೇ ಕಡೆಗೆ ಬಿಡುವ ಚೆಕ್ ವಾಲ್ವ್ ನೋಡಿ, ವ್ಯಾಕ್ಯೂಮ್ ಕೂಡಿಡುವ ಡಬ್ಬಿ ನೋಡಿ. ನನ್ನಂಥ ಹಳೆ ಡೀಸೆಲಿಗೆ ಒಳಬರುವ ಗಾಳಿಗೆ ಅಡ್ಡ ನಿಲ್ಲುವ ಥ್ರಾಟಲ್ ತಡೆ ಇಲ್ಲ, ಹಾಗಾಗಿ ಎಂಜಿನ್ನೇ ತಿರುಗಿಸುವ ಪ್ರತ್ಯೇಕ ಪಂಪು ಬೇಕು. ಬ್ರೇಕ್ ಬೂಸ್ಟರ್, ಬಾಗಿಲ ಲಾಕು, ಕೊನೆಗೆ ಎಂಜಿನ್ ಆರಿಸುವುದು ಕೂಡ ಅದರ ಜವಾಬ್ದಾರಿ. ಕೀ ತೆಗೆದ ಮೇಲೂ ನನ್ನ ಎಂಜಿನ್ ಮೂರು ಸೆಕೆಂಡ್ ಗೊಣಗುತ್ತಿತ್ತು. ವಯಸ್ಸಾಯಿತು ಪಾಪ, ಅಂದುಕೊಂಡಿದ್ದೆ.

ಕೈ ಪಂಪ್ ಬಂದ ಭಾನುವಾರ ಮೊದಲು ಎಂಜಿನ್ ಪಂಪಿನ ಬಾಯಿಗೇ ಅದರ ಗೇಜು ಹಚ್ಚಿದೆ: 24 ಇಂಚು. ವ್ಯಾಕ್ಯೂಮನ್ನು ಅಳೆಯುವುದು ಪಾದರಸದ ಇಂಚುಗಳಲ್ಲಿ. ಇಲ್ಲೊಂದು ಮಾತು. ಪೂರ್ಣ ವ್ಯಾಕ್ಯೂಮಿಗೆ ಹೇಳುವ 29.9 ಇಂಚು ಪಾದರಸ ಸಮುದ್ರಮಟ್ಟದ ಲೆಕ್ಕ. ನಮ್ಮೂರು ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ಎಂಥ ಪಂಪಾದರೂ 28ರ ಆಸುಪಾಸಿಗೆ ನಿಲ್ಲಬೇಕು. ಮುಳ್ಳು ಎರಡು ಇಂಚು ಹಿಂದಿದ್ದರೆ ಗಾಬರಿ ಬೇಡ.

ಮೂಲ ಗಟ್ಟಿ ಇದೆ ಅಂತಾಯಿತು. ಗ್ಲೋವ್ ಬಾಕ್ಸ್ ಬಿಚ್ಚಿದೆ. ಹಿಂದೆ ಐದು ಸಣ್ಣ ಪೈಪುಗಳು, ಒಂದೊಂದಕ್ಕೂ ಬೇರೆ ಬಣ್ಣದ ಗೆರೆ. ಬಿಚ್ಚುವ ಮುಂಚೆ ಫೋಟೋ ತೆಗೆದುಕೊಳ್ಳಿ, ನೆನಪನ್ನು ನಂಬಬೇಡಿ. ಪ್ರತಿ ಪೈಪಿಗೂ 15 ಇಂಚು ಎಳೆದು ಒಂದು ನಿಮಿಷ ಮುಳ್ಳು ನೋಡುತ್ತಾ ಕುಳಿತೆ. ನಾಲ್ಕು ಅಲುಗಲಿಲ್ಲ. ಐದನೆಯದು, ನಡುವಿನ ವೆಂಟಿನದು, ಎಷ್ಟು ಒತ್ತಿದರೂ ಮೂರು ಇಂಚು ಮೀರಲಿಲ್ಲ. ಅದೊಂದರ ಬಾಯಿಗೆ ಬಾಲ್‌ಪೆನ್ನಿನ ಹಿಂದಿನ ಬಿರಡೆ ತುರುಕಿ ಗಾಡಿ ಚಾಲೂ ಮಾಡಿದೆ. ಪಕ್ಕದ ವೆಂಟುಗಳಿಗೆ ಗಾಳಿ ಬಂತು, ಕೀ ತೆಗೆದ ತಕ್ಷಣ ಎಂಜಿನ್ ಗಪ್ ಆಯಿತು. ಒಂದು ಹರಿದ ಪೊರೆ ಇಡೀ ಮನೆಯ ಉಸಿರು ಕುಡಿಯುತ್ತಿತ್ತು.

ಹೊಸ ಡಬ್ಬಿ ಸಿಗಲಿಲ್ಲ. ಸೊಲ್ಲಾಪುರದ ಹಳೆ ಸಾಮಾನಿನ ಅಂಗಡಿಯಲ್ಲಿ ನಾಲ್ಕು ಇದ್ದವು. ಕೌಂಟರಿನ ಮೇಲೆಯೇ ಪಂಪ್ ಹಚ್ಚಿ ಪರೀಕ್ಷಿಸಿದೆ. ಮೂರು ಸೋರಿದವು, ನಾಲ್ಕನೆಯದನ್ನು ತಂದೆ. ಪಂಪಿನ ದುಡ್ಡು ಅಲ್ಲಿಗೇ ವಸೂಲಿ.

ಇನ್ನು ಅದರ ದೋಷಗಳು. ಎರಡನೇ ಬೇಸಿಗೆಯಲ್ಲಿ ಮತ್ತೆ ಗಾಳಿ ದಾರಿ ತಪ್ಪಿತು. ಪಂಪ್ ಹಚ್ಚಿದರೆ ಐದೂ ಡಬ್ಬಿ ಸೋರುತ್ತಿವೆ! ಡ್ಯಾಶ್‌ಬೋರ್ಡಿನ ಅರ್ಧ ಭಾಗ ಬಿಚ್ಚಿ ಹಾಕಿದ ಮೇಲೆ, ಸಂಜೆ ಹೊತ್ತಿಗೆ, ಪೈಪಿನ ಬಾಯಿಗೆ ಬರೀ ಬೆರಳು ಒತ್ತಿ ನೋಡಿದೆ. ಮುಳ್ಳು ಇಳಿಯಿತು. ಸೋರುತ್ತಿದ್ದದ್ದು ಪಂಪೇ. ಚಳಿಗಾಲದಲ್ಲಿ ಅದರಿಂದಲೇ ಬ್ರೇಕ್ ಆಯಿಲ್ ಎಳೆದಿದ್ದೆ, ಬಾಟಲಿ ತುಂಬಿದ್ದನ್ನು ನೋಡದೆ ಆಯಿಲ್ ಒಳಗೆ ಹೋಗಿ ರಬ್ಬರ್ ಸೀಲ್ ಉಬ್ಬಿತ್ತು. ಹೊಸ ಸೀಲು, ಚೂರು ಸಿಲಿಕೋನ್ ಗ್ರೀಸು ಹಾಕಿದ ಮೇಲೆ ಸರಿಹೋಯಿತು. ಈಗ ಬೆರಳಿನ ಪರೀಕ್ಷೆ ಮಾಡದೆ ಕಾರಿನ ಹತ್ತಿರ ಹೋಗುವುದಿಲ್ಲ. ಅಂದಹಾಗೆ, ಆ ಸಲ ಕಾರಿನಲ್ಲಿ ಕೆಟ್ಟಿದ್ದದ್ದು ಬಿಸಿಲಿಗೆ ಒಣಗಿ ಸೀಳಿದ್ದ, ಅಂಗೈಗಿಂತ ಚಿಕ್ಕದಾದ ಒಂದು ರಬ್ಬರ್ ಜೋಡಣೆ. ಮೂವತ್ತು ರೂಪಾಯಿ.

ಡಿಕ್ಕಿಯಲ್ಲಿಟ್ಟ ಪ್ಲಾಸ್ಟಿಕ್ ತುಂಡುಗಳಲ್ಲಿ ಅರ್ಧ ಬಿಸಿಲಿಗೆ ಒಡೆದವು. ಗೇಜಿನ ಮುಳ್ಳು ಈಗ ಸೊನ್ನೆಗೆ ಬರುವುದಿಲ್ಲ, ಒಂದರ ಮೇಲೆ ನಿಲ್ಲುತ್ತದೆ, ಅದನ್ನು ಕಳೆದು ಓದುತ್ತೇನೆ. ಕೊಳ್ಳುವುದಿದ್ದರೆ ಲೋಹದ ಮೈಯದ್ದನ್ನೇ ಕೊಳ್ಳಿ, ಸೀಲ್ ಬಿಡಿಯಾಗಿ ಸಿಗುತ್ತದೆಯೇ ಎಂದು ಮೊದಲೇ ಕೇಳಿ.

ಐದಕ್ಕೆ ನಾಲ್ಕು ನಕ್ಷತ್ರ. ಈ ಬೇಸಿಗೆಯಲ್ಲಿ, ಕಾರಿನೊಳಗಿನ ಗಾಳಿಯನ್ನೇ ಮತ್ತೆ ಸುತ್ತಿಸುವ ಒಳಗಾಳಿ ಬಾಗಿಲಿನ ಡಬ್ಬಿ ಐದು ನಿಮಿಷಕ್ಕೆ ಎರಡು ಇಂಚು ಇಳಿಯುತ್ತಿದೆ. ಅದನ್ನು ಮುಟ್ಟಲು ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕು. ಸದ್ಯಕ್ಕೆ ಬಿಟ್ಟಿದ್ದೇನೆ, ಬಾಗಿಲು ಇನ್ನೂ ತಿರುಗುತ್ತಿದೆ.