ಫಾಂಟೋಫ್ಟ್ ಮರದ ಚರ್ಚ್: ಬೂದಿಯಾದ ಮೇಲೆ ಮತ್ತೆ ಎದ್ದ ಕಟ್ಟಡ

ನಾರ್ವೆಯ ಬರ್ಗನ್‌ ನಗರಕ್ಕೆ ಹೋಗುವವರಿಗೆ ಮೊದಲೇ ಹೇಳಬೇಕು: ಫಾಂಟೋಫ್ಟ್‌ನಲ್ಲಿ ಈಗ ಕಾಣುವುದು 1997ರಲ್ಲಿ ಮುಗಿದ ಕಟ್ಟಡ. ಮೂಲ ಚರ್ಚ್ ಸುಮಾರು 1150ರದ್ದು, ಸೋಗ್ನ್ ಸೀಮೆಯ ಫೋರ್ಟುನ್ ಹಳ್ಳಿಯದು. ಊರಿನ ಹತ್ತು ಜನರಲ್ಲಿ ಮೂವರಿಗಾದರೂ ಚರ್ಚಿನಲ್ಲಿ ಜಾಗವಿರಬೇಕು ಎಂಬ 1851ರ ಕಾನೂನಿನ ನಂತರ ಇಂಥ ಪುಟ್ಟ ಚರ್ಚುಗಳನ್ನು ಸಾಲಾಗಿ ಕೆಡವಿದರು. ಇದನ್ನು ಮಾತ್ರ ಬರ್ಗನ್‌ನ ವ್ಯಾಪಾರಿ ಫ್ರೆಡ್ರಿಕ್ ಗಾಡೆ ಕೊಂಡು, ಬಿಚ್ಚಿಸಿ, 1883ರಲ್ಲಿ ಇಲ್ಲಿ ಜೋಡಿಸಿದರು. 1992ರ ಜೂನ್ 6ರಂದು ಯಾರೋ ಬೆಂಕಿ ಇಟ್ಟರು. ಟಾರು (ರಸ್ತೆಯದ್ದಲ್ಲ, ಮರದಿಂದ ಇಳಿಸಿದ್ದು) ಬಳಿದ ಒಣಮರ, ಉಳಿಯಲಿಲ್ಲ.

ಹೊಸದೆಂದು ಇದನ್ನು ಬಿಡಬೇಡಿ. ಮರಗೆಲಸ ಬಲ್ಲವರಿಗೆ ಇಲ್ಲಿ ನೋಡಲು ಬಹಳ ಇದೆ. ಇದಕ್ಕಿಂತ ಹಿಂದಿನ ಮರದ ಚರ್ಚುಗಳಲ್ಲಿ ಕಂಬವನ್ನು ಮಣ್ಣಿಗೆ ಹೂಳುತ್ತಿದ್ದರು, ಬುಡ ಕೊಳೆತು ಬೀಳುತ್ತಿತ್ತು. ಇಲ್ಲಿ ಕಲ್ಲಿನ ಮೇಲೆ ಅಡಿತೊಲೆ, ತೊಲೆಯ ಮೇಲೆ ಕಂಬ. ಗೋಡೆಯ ಹಲಗೆಗಳು ನೆಟ್ಟಗೆ ನಿಲ್ಲುತ್ತವೆ. ಅಡಿತೊಲೆಯಲ್ಲೂ ಮೇಲಿನ ತೊಲೆಯಲ್ಲೂ ಕೊರೆದ ಸಂದಿನೊಳಗೆ ಕೂತಿವೆ. ಕಂಬ ಮತ್ತು ತೊಲೆ ಸೇರುವ ಮೂಲೆಯ ಬಾಗು ಆಸರೆಗಳನ್ನು ಗಮನಿಸಿ. ಅವಕ್ಕೆ ಹುಟ್ಟಿನಿಂದಲೇ ಬಾಗಿದ ಮರ ಬೇಕು, ಏಕೆಂದರೆ ನೇರ ಮರವನ್ನು ಬಾಗಿದಂತೆ ಕೊಯ್ದರೆ ಎಳೆ ತುಂಡಾಗಿ ಸೀಳುತ್ತದೆ. ಬಳಸುವುದು ರಾಳ ತುಂಬಿದ ಪೈನ್‌ ಕೆಚ್ಚು. ಹೊರಗಿನ ಬಿಳಿ ಭಾಗ ಸೇರಿದರೆ ಬೇಗ ಕೊಳೆಯುತ್ತದೆ. ವರ್ಷಕ್ಕೆ ಎರಡು ಸಾವಿರ ಮಿ.ಮೀ. ದಾಟುವ ಮಳೆಗೆ ಕಡಿದಾದ ಮಾಡು, ಸುತ್ತುಜಗಲಿ, ಮೇಲೆ ಟಾರು. ಮಲೆನಾಡಿನ ಮನೆ ಕಟ್ಟಿದವರಿಗೆ ಈ ಲೆಕ್ಕ ಕೂಡಲೇ ಅರ್ಥವಾಗುತ್ತದೆ.

ಕೊರತೆಯೂ ಇದೆ. ಮಾಡಿನ ಡ್ರ್ಯಾಗನ್ ತಲೆಗಳು, ಒಟ್ಟು ಹೊರರೂಪ 1883ರಲ್ಲಿ ಬೋರ್ಗುಂಡ್ ಎಂಬ ಊರಿನ ಹಳೆಯ ಮರದ ಚರ್ಚನ್ನು ನೋಡಿ ಕೊಟ್ಟದ್ದು. ಮರುನಿರ್ಮಾಣ ಅದನ್ನೇ ಅನುಸರಿಸಿತು. ಅಂದರೆ ಫೋರ್ಟುನ್‌ನ ಹಳ್ಳಿಗರು ಕಂಡ ಚರ್ಚ್ ಇದಲ್ಲ. ಮಧ್ಯಯುಗದ ಮರವನ್ನೇ ನೋಡಬೇಕಿದ್ದರೆ ಬೋರ್ಗುಂಡ್ ಅಥವಾ ಉರ್ನೆಸ್‌ನ ಚರ್ಚಿಗೆ ಹೋಗಿ. ಬರ್ಗನ್‌ನಲ್ಲಿ ಅರ್ಧ ದಿನವಷ್ಟೇ ಇದ್ದರೆ ಫಾಂಟೋಫ್ಟ್ ಸಾಕು.

ನಗರದ ನಡುವಿನ ಬ್ಯೂಪಾರ್ಕೆನ್‌ ನಿಲ್ದಾಣದಿಂದ 1ನೇ ಮಾರ್ಗದ ಲಘು ರೈಲು ಹಿಡಿದು ಫಾಂಟೋಫ್ಟ್ ಅಥವಾ ಪ್ಯಾರಡೀಸ್‌ ನಿಲ್ದಾಣದಲ್ಲಿ ಇಳಿದು, ಏರುದಾರಿಯಲ್ಲಿ ನಡೆಯಬೇಕು. ಮಳೆಯಲ್ಲಿ ದಾರಿ ಜಾರುತ್ತದೆ, ಹಿಡಿತವಿರುವ ಶೂ ಹಾಕಿ. ಒಳಗೆ ಹೋಗಲು ಟಿಕೆಟ್ ಉಂಟು. ಅಲ್ಲಿನ ಬೇಸಿಗೆಯಲ್ಲಿ ಮಾತ್ರ ತೆರೆಯುತ್ತದೆ, ಆದ್ದರಿಂದ ಹೊರಡುವ ಮುನ್ನ ಸಮಯ ನೋಡಿಕೊಳ್ಳಿ. ಬೆಂಕಿಯ ನಂತರ ಸುತ್ತ ಬೇಲಿ ಹಾಕಿದ್ದಾರೆ, ದೂರದಿಂದ ತೆಗೆದ ಫೋಟೊದಲ್ಲಿ ಅದು ಅಡ್ಡ ಬರುತ್ತದೆ. ಒಳಗೆ ಬೆಳಕು ಕಡಿಮೆ. ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಕೂತು, ಆಮೇಲೆ ತಲೆ ಎತ್ತಿ ಮಾಡಿನ ಜೋಡಣೆ ನೋಡಿ.