ಇ-ಬುಕ್ ಮಾಡಿಕೊಡ್ತೀವಿ ಅನ್ನೋರಿಗೆ ಮುಂಗಡ ಕಳಿಸಬೇಡ್ರಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಸ್ವಂತ ದುಡ್ಡು ಹಾಕಿ ಪುಸ್ತಕ ತರುವವರೆಲ್ಲ ದಯವಿಟ್ಟು ಓದಿ. ‘ನಿಮ್ಮ ಪುಸ್ತಕಾನ ಇ-ಬುಕ್ ಮಾಡಿ ಎಲ್ಲಾ ಕಡೆ ಹಾಕ್ತೀವ್ರೀ, ಕೂತಲ್ಲೇ ರಾಯಲ್ಟಿ’ ಅಂತ ಫೋನ್ ಬಂದರೆ ಒಂದು ರೂಪಾಯಿನೂ ಕಳಿಸಬೇಡಿ. ಮೊದಲು ಒಂದು ಅಧ್ಯಾಯದ ಇಪಬ್ ಫೈಲ್ ಕೇಳಿ. ಇಪಬ್ ಅಂದರೆ ಅಕ್ಷರ ಹಿಗ್ಗಿಸಿ ಕುಗ್ಗಿಸಿ ಓದಬಹುದಾದ ಇ-ಬುಕ್ ಫೈಲ್. ನಮ್ಮಿಂದ ಎಂಟು ಸಾವಿರ ಇಸಕೊಂಡು ಅವರು ಕೊಟ್ಟಿದ್ದು ಫೋಟೋ. ಪುಟಪುಟದ ಫೋಟೋ!

ಫೈಲಿನ ಹೆಸರೇನೋ ಇಪಬ್ ಅಂತಲೇ ಇತ್ತು. ಆರು ಇಂಚಿನ ಇ-ರೀಡರಿಗೆ ಹಾಕಿ ತೆರೆದರೆ ಅಕ್ಷರ ಸಾಸಿವೆ ಕಾಳಿನಷ್ಟು. ಅಕ್ಷರ ದೊಡ್ಡದು ಮಾಡಹೋದರೆ ಜಪ್ಪಯ್ಯ ಅಂದರೂ ಆಗೋದಿಲ್ಲ. ಒಂದು ಪದ ಹುಡುಕಿದರೆ ಸಿಗೋದಿಲ್ಲ. ಇ-ಬುಕ್ ತೆರೆದು ತಿದ್ದುವ ಕ್ಯಾಲಿಬರ್ ಅನ್ನೋ ತಂತ್ರಾಂಶದಲ್ಲಿ ‘ಎಡಿಟ್ ಬುಕ್’ ಒತ್ತಿ ಒಳಗೆ ನೋಡಿದರೆ ಒಂದು ಸಾಲು ಕನ್ನಡವಿಲ್ಲ. 164 ಪುಟಕ್ಕೆ 164 ಜೆಪಿಜಿ. ಭಾಷೆ ನಮೂದಿಸುವಲ್ಲಿ ‘ಕೆಎನ್’ ಇರಬೇಕು, ‘ಇಎನ್’ ಅಂತಿದೆ. ಪ್ರೆಸ್ಸಿನ ಪಿಡಿಎಫನ್ನೇ ಚಿತ್ರ ಮಾಡಿ ತುರುಕಿದ್ದಾರೆ, ಅಷ್ಟೇ.

ಕೇಳಿದರೆ ಉತ್ತರ: ‘ಕನ್ನಡ ಇ-ಬುಕ್ ಅಂದ್ರ ಹಿಂಗ ಇರತಾವ್ರೀ ಸರ. ಝೂಮ್ ಮಾಡ್ಕೊಂಡು ಓದಬೇಕ್ರೀ.’ ಝೂಮ್ ಮಾಡ್ಕೊಂಡು! ಪಿಡಿಎಫ್ ನಮ್ಮ ಹತ್ತಿರ ಇತ್ತಲ್ಲ, ಝೂಮ್ ಮಾಡೋಕೆ ಎಂಟು ಸಾವಿರ ಯಾಕೆ?

ನಮ್ಮ ಕಡೆ ಎಷ್ಟೋ ಪುಸ್ತಕ ಪೇಜ್‌ಮೇಕರ್‌ನಲ್ಲಿ, ನುಡಿ ಅಥವಾ ಶ್ರೀಲಿಪಿಯ ಹಳೇ ಆಸ್ಕಿ ಫಾಂಟಿನಲ್ಲಿ ತಯಾರಾಗಿರುತ್ತವೆ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಬರೀ ಇಂಗ್ಲಿಷ್ ಚಿಹ್ನೆ. ಅದನ್ನು ಕಂಪ್ಯೂಟರಿಗೂ ಕನ್ನಡ ಅಂತಲೇ ತಿಳಿಯುವ ಯೂನಿಕೋಡಿಗೆ ತಿರುಗಿಸಬೇಕು. ತಿರುಗಿಸಿದಾಗ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಕೆಡುತ್ತದೆ, ಸಾಲಿನ ಕೊನೆಯ ಹೈಫನ್ ಪದದ ನಡುವೆ ಉಳಿಯುತ್ತದೆ. ಯಾರಾದರೂ ಕೂತು ಸಾಲುಸಾಲು ಕರಡು ತಿದ್ದಲೇಬೇಕು. ದುಡ್ಡು ಕೊಟ್ಟಿದ್ದೇ ಆ ಕೆಲಸಕ್ಕೆ. ಅದೊಂದನ್ನೇ ಅವರು ಮಾಡಿಲ್ಲ.

ಬಿಲ್ಲಿನಲ್ಲಿ ‘ಐಎಸ್‌ಬಿಎನ್ ಶುಲ್ಕ 1,500’ ಬೇರೆ. ಐಎಸ್‌ಬಿಎನ್ ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಭಾರತದಲ್ಲಿ ಅದು ಪುಕ್ಕಟೆ ಸ್ವಾಮಿ! ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಸಾಕು. ಹೇಳಿದ್ದಕ್ಕೆ, ‘ಅದು ಪ್ರೊಸೆಸಿಂಗ್ ಚಾರ್ಜ್ ಐತ್ರೀ.’ ಕಿಂಡಲ್‌ನಲ್ಲೂ ಬರುತ್ತದೆ ಅಂದಿದ್ದರು. ಕಿಂಡಲ್‌ಗೆ ಪುಸ್ತಕ ಏರಿಸುವ ಅಮೆಜಾನ್ ಕೆಡಿಪಿ ತಾಣದ ಭಾಷಾಪಟ್ಟಿಯಲ್ಲಿ ಹಿಂದಿ, ಮರಾಠಿ, ತಮಿಳು, ಮಲಯಾಳಂ, ಗುಜರಾತಿ ಇವೆ, ಕನ್ನಡ ಇಲ್ಲ. ಅದು ಅವರಿಗೆ ಗೊತ್ತಿಲ್ಲದ್ದೇನಲ್ಲ.

ಇಷ್ಟಾದ ಮೇಲೆ ದುಡ್ಡೂ ಬೇಡ, ಪುಸ್ತಕ ಬಿಟ್ಟುಕೊಡ್ರಪ್ಪ ಅಂದರೆ: ‘ಅಗ್ರಿಮೆಂಟ್ ಒಮ್ಮೆ ಓದ್ರೀ ಸರ.’ ಎಷ್ಟು ತಣ್ಣಗೆ ಹೇಳಿದ ಅಂತೀರಿ! ಅದರಲ್ಲಿ ಇರೋದು ಇಷ್ಟು: ಐದು ವರ್ಷ ಇ-ಬುಕ್, ಆಡಿಯೋ ಎರಡರ ಹಕ್ಕೂ ಅವರೊಬ್ಬರಿಗೇ. ಅವಧಿ ಮುಗಿಯುವ 90 ದಿನ ಮೊದಲು ಲಿಖಿತವಾಗಿ ಬೇಡ ಅನ್ನದಿದ್ದರೆ ತಾನಾಗಿಯೇ ಮತ್ತೆ ಐದು ವರ್ಷ. ರಾಯಲ್ಟಿ ‘ನಿವ್ವಳ ಆದಾಯ’ದ ಮೇಲೆ 40 ಪರ್ಸೆಂಟ್. ನೂರು ರೂಪಾಯಿ ಪುಸ್ತಕದಲ್ಲಿ ಮಾರುವ ತಾಣ 30 ಹಿಡಿದರೆ ಉಳಿದದ್ದು 70. ಅದರಿಂದ ಇವರ ‘ಖರ್ಚು’ ಕಳೆದು ಉಳಿದದ್ದರಲ್ಲಿ 40 ಪರ್ಸೆಂಟ್. ಖರ್ಚು ಎಷ್ಟು ಅಂತ ಎಲ್ಲೂ ಬರೆದಿಲ್ಲ. ಹಕ್ಕು ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ ಅದು ಬಿದ್ದುಹೋಗುತ್ತದೆ ಅನ್ನುತ್ತದೆ 1957ರ ಕಾಪಿರೈಟ್ ಕಾಯ್ದೆಯ 19ನೇ ಕಲಂ, ಒಪ್ಪಂದದಲ್ಲಿ ಬೇರೆ ಥರ ಬರೆದಿರದಿದ್ದರೆ. ಇವರು ಬೇರೆ ಥರ ಬರೆದುಕೊಂಡಿದ್ದಾರೆ. ಹುಷಾರು ಮಂದಿ!

ಮಾಡಿಸಲೇಬೇಕು ಅಂದರೆ ಮಾದರಿ ಅಧ್ಯಾಯವನ್ನು ಮೊಬೈಲಿನಲ್ಲಿ ತೆರೆದು ಅಕ್ಷರ ದೊಡ್ಡದು ಮಾಡಿ, ‘ಕಾರ್ಯ’, ‘ಸೂರ್ಯ’ ಅಂತ ಹುಡುಕಿ ನೋಡಿ. ಇಪಬ್ ಫೈಲಿನ ತಪ್ಪು ಹುಡುಕುವ ಇಪಬ್‌ಚೆಕ್ ತಂತ್ರಾಂಶಕ್ಕೆ ಹಾಕಿ, ಒಂದೂ ಎರರ್ ಬರಬಾರದು. ಇಪಬ್ ಫೈಲ್ ನಿಮ್ಮ ಕೈಗೆ ಬಂದ ಮೇಲೇ ದುಡ್ಡು. ಗೂಗಲ್ ಪ್ಲೇ ಬುಕ್ಸ್ ಪಾರ್ಟ್‌ನರ್ ಅಕೌಂಟ್ ನಿಮ್ಮದೇ ಹೆಸರಿನಲ್ಲಿ, ನಿಮ್ಮದೇ ಬ್ಯಾಂಕ್ ಖಾತೆಗೆ ತೆರೆಯಿರಿ, ನಡುವೆ ಇಂಥವರು ಬೇಡವೇ ಬೇಡ. ಒಪ್ಪಂದದಲ್ಲಿ ‘ಆಡಿಯೋ’ ಕಂಡರೆ ಗೀಟು ಹೊಡೆದು ಪಕ್ಕದಲ್ಲಿ ಇಬ್ಬರ ಸಹಿ ಹಾಕಿಸಿ. ಆಗೋದಿಲ್ಲ ಅಂದರೆ ಫೋನ್ ಇಟ್ಟುಬಿಡಿ.