ಕರುಳಿನ ಚಿಪ್: ಎರಡು ವರ್ಷ ಬಳಸಿದ ಮೇಲೆ

ಮನುಷ್ಯರ ಕರುಳಿನ ಒಳಪದರವನ್ನು ಲ್ಯಾಬ್‌ನಲ್ಲಿ ಅನುಕರಿಸುವ ಈ ಚಿಪ್ ಬಂದ ಮೊದಲ ಮೂರು ತಿಂಗಳು ನನ್ನ ಪಿಎಚ್‌ಡಿ ವಿಷಯವೇ ಗಾಳಿಗುಳ್ಳೆ ಅನ್ನುವಂತಾಗಿತ್ತು.

ನೋಡೋಕೆ ಬೆರಳುದ್ದದ ಸಿಲಿಕೋನ್ ರಬ್ಬರ್ ತುಂಡು, ಅಷ್ಟೇ. ಲ್ಯಾಬ್‌ನಲ್ಲಿ ಪಿಡಿಎಂಎಸ್ ಅನ್ನುತ್ತೇವೆ. ಒಳಗೆ ಒಂದರ ಮೇಲೊಂದು ಎರಡು ಕಾಲುವೆ, ನಡುವೆ ಸಣ್ಣ ತೂತುಗಳಿರುವ ತೆಳು ಪೊರೆ. ಆ ಪೊರೆಯ ಮೇಲೆ ಕ್ಯಾಕೊ-2 ಎಂಬ ಕರುಳಿನ ಕೋಶಗಳನ್ನು ಬೆಳೆಸುತ್ತೇನೆ. ಸಿರಿಂಜ್ ಪಂಪ್ ಗಂಟೆಗೆ 30 ಮೈಕ್ರೋಲೀಟರ್‌ನಂತೆ ಮೀಡಿಯಾ, ಅಂದರೆ ಕೋಶಗಳಿಗೆ ಬೇಕಾದ ಪೋಷಕ ದ್ರವ, ಹರಿಸುತ್ತದೆ.

ದ್ರವ ಹರಿಯದ ಮಾಮೂಲಿ ಪ್ಲಾಸ್ಟಿಕ್ ಇನ್ಸರ್ಟ್‌ನಲ್ಲಿ (ತಳದಲ್ಲಿ ಪೊರೆಯಿರುವ ಪುಟ್ಟ ಬಟ್ಟಲು) ಇವೇ ಕೋಶಗಳು ಹದಕ್ಕೆ ಬರಲು 21 ದಿನ ಕಾಯಬೇಕು. ಇಲ್ಲಿ ವಾರದೊಳಗೆ ಬಿಗಿಯಾಗಿ ಸೇರಿಕೊಂಡು, ನಮ್ಮ ಕರುಳಿನಂತೆಯೇ ಮಡಿಕೆ ಮಡಿಕೆಯಾಗಿ ಏಳುತ್ತವೆ. ಹಾರ್ವರ್ಡ್‌ನ ವೀಸ್ ಸಂಸ್ಥೆಯವರು 2012ರಲ್ಲೇ ಇದನ್ನು ತೋರಿಸಿದ್ದರು. ಆದರೂ ನಮ್ಮದೇ ಮೈಕ್ರೋಸ್ಕೋಪಿನಲ್ಲಿ ಕಂಡ ದಿನದ ಖುಷಿಯೇ ಬೇರೆ.

ನನಗೆ ಜಾಸ್ತಿ ಇಷ್ಟವಾಗಿದ್ದು ಚಿಪ್‌ನಲ್ಲಿರುವ, ಕೋಶಗಳ ಪದರದ ಮೂಲಕ ಕರೆಂಟ್ ಹಾಯಿಸಿ ನೋಡುವ ಚಿನ್ನದ ಎಲೆಕ್ಟ್ರೋಡ್‌ಗಳು. ಕೋಶಗಳು ಒತ್ತೊತ್ತಾಗಿ ಸೇರಿದಷ್ಟೂ ಕರೆಂಟ್ ದಾಟುವುದು ಕಷ್ಟವಾಗುತ್ತದೆ, ಆ ತಡೆಯನ್ನು ತೋರಿಸುವ ಗೆರೆ ಕಂಪ್ಯೂಟರಿನಲ್ಲಿ ಏರುತ್ತದೆ. ಒಂದು ಸೋಮವಾರ ಬಂದು ನೋಡಿದರೆ ಶನಿವಾರ ರಾತ್ರಿ ಎರಡಕ್ಕೆ ಗೆರೆ ಚಂಗನೆ ಮೇಲೆ ಹಾರಿ, ಆಮೇಲೆ ಧೊಪ್ಪನೆ ಬಿದ್ದಿತ್ತು. ಗುಳ್ಳೆಯೊಂದು ಹಾದುಹೋಗುವಾಗ ಕೋಶಗಳನ್ನೆಲ್ಲ ಕಿತ್ತುಕೊಂಡು ಹೋಗಿತ್ತು. ಹತ್ತು ದಿನದ ಕೆಲಸ ನೀರುಪಾಲು. ತಪ್ಪು ನನ್ನದೇ. ಫ್ರಿಜ್‌ನಿಂದ ತೆಗೆದ ಮೀಡಿಯಾವನ್ನು ಹಾಗೇ ಜೋಡಿಸಿದ್ದೆ. ತಣ್ಣಗಿದ್ದಾಗ ಕರಗಿರುವ ಗಾಳಿ 37 ಡಿಗ್ರಿಗೆ ಬಂದಾಗ ಹೊರಗೆ ಬರಲೇಬೇಕು, ಅಲ್ವಾ? ಈಗ ಮೊದಲು ಬಿಸಿ ಮಾಡಿ, ವ್ಯಾಕ್ಯೂಮ್‌ನಲ್ಲಿಟ್ಟು ಗಾಳಿ ತೆಗೆದೇ ಹಾಕುತ್ತೇನೆ. ಗುಳ್ಳೆ ಹಿಡಿಯುವ ಟ್ರ್ಯಾಪ್ ಒಂದಿದೆ, ಬಹಳ ಉಪಯೋಗ. ಅದನ್ನು ಚಿಪ್ ಜೊತೆಗೇ ಕೊಡದೆ ಬೇರೆ ದುಡ್ಡು ಕೇಳುತ್ತಾರೆ ಅನ್ನುವುದೇ ಸಿಟ್ಟು.

ಇದಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ಎಣ್ಣೆಯಲ್ಲಿ ಕರಗುವಂಥ ಔಷಧಿಗಳನ್ನು ಈ ರಬ್ಬರ್ ಕುಡಿದುಬಿಡುತ್ತದೆ. ಒಂದು ಔಷಧಿ ಎಷ್ಟು ಹಾಕಿದರೂ ಕೋಶಗಳು ಜಗ್ಗಲಿಲ್ಲ. ಪರವಾಗಿಲ್ಲ, ಅಪಾಯವಿಲ್ಲದ ಮದ್ದು ಅಂದುಕೊಂಡೆವು. ಎರಡು ತಿಂಗಳಾದ ಮೇಲೆ ಕೋಶವಿಲ್ಲದ ಖಾಲಿ ಚಿಪ್‌ನಲ್ಲಿ ಅದೇ ಔಷಧಿ ಹರಿಸಿ ನೋಡಿದೆವು. ಆಚೆ ಬದಿಯಲ್ಲಿ ಅರ್ಧದಷ್ಟೂ ಹೊರಬರಲಿಲ್ಲ. ಈಗ ಯಾವ ಔಷಧಿ ಬಂದರೂ ಮೊದಲು ಖಾಲಿ ಚಿಪ್‌ಗೇ ಹೋಗುತ್ತದೆ. ಅದಕ್ಕೂ ಒಂದು ಚಿಪ್ ಖರ್ಚು, ಯಾಕೆಂದರೆ ಒಮ್ಮೆ ಬಳಸಿದ್ದನ್ನು ಬಿಸಾಡಬೇಕು.

ಮತ್ತೆ ಕೊಳ್ಳುತ್ತೇನಾ? ಕರುಳಿನ ಗೋಡೆ ಯಾವಾಗ, ಎಷ್ಟು ಸೋರುತ್ತದೆ ಎಂದು ನೋಡಬೇಕಿದ್ದರೆ ಖಂಡಿತ. ಸುಮ್ನೆ ಕೋಶ ಸತ್ತಿತೋ ಬದುಕಿತೋ ತಿಳಿಯಲು ನಾನು ಈಗಲೂ 96 ಪುಟ್ಟ ಗುಳಿಗಳಿರುವ ಮಾಮೂಲಿ 96 ವೆಲ್ ಪ್ಲೇಟನ್ನೇ ಎತ್ತಿಕೊಳ್ಳುತ್ತೇನೆ.